ಹಳೆಯ ಧಾರಾವಾಹಿಯ ಶೀರ್ಷಿಕೆ ಸಂಗೀತವನ್ನು ಮನೆಯಲ್ಲೇ ಹೊಸದಾಗಿ ಧ್ವನಿಮುದ್ರಿಸುವ ಬಗೆ

‘ಮಾಲ್ಗುಡಿ ಡೇಸ್’ ಧಾರಾವಾಹಿಯ ಶೀರ್ಷಿಕೆ ಸಂಗೀತವನ್ನು ನಮ್ಮ ಬಡಾವಣೆಯ ಮಕ್ಕಳಿಂದ ಹಾಡಿಸಿ, ಶಾಲೆಯ ವಾರ್ಷಿಕೋತ್ಸವಕ್ಕೆ ಧ್ವನಿಮುದ್ರಿಸಿಕೊಡುವ ಕೆಲಸವನ್ನು ಕಳೆದ ಚಳಿಗಾಲದಲ್ಲಿ ಚಿಕ್ಕಮಗಳೂರಿನ ನಮ್ಮ ಮನೆಯಲ್ಲಿ ಕೈಗೆತ್ತಿಕೊಂಡೆ. ಎಲ್ಲರಿಗೂ ಗೊತ್ತಿರುವ ಮಟ್ಟು, ಕಲಿಸುವುದೇನಿದೆ ಎಂಬ ಧೈರ್ಯವಿತ್ತು. ಮೊದಲ ಸಂಜೆ ಕಾಫಿಗೆ ಕುಳಿತಿದ್ದ ಹಿರಿಯರನ್ನು ಒಬ್ಬೊಬ್ಬರಾಗಿ ಗುನುಗಿಸಿದಾಗ ಒಂದೇ ಮಟ್ಟಿಗೆ ನಾಲ್ಕು ರೂಪಗಳು ಹೊರಬಿದ್ದವು. ಅಣ್ಣ ಎರಡನೆಯ ಸಾಲನ್ನು ಮೇಲಕ್ಕೆ ಒಯ್ದ. ಅತ್ತಿಗೆ ಅದನ್ನೇ ಕೆಳಗಿಳಿಸಿದರು. ಸೋದರಮಾವ ಲಾಲಿಹಾಡಿನಷ್ಟು ನಿಧಾನ ಮಾಡಿದರು. ನಾನಂತೂ ನಡುವಿನ ಒಂದು ಸಾಲನ್ನೇ ನುಂಗಿಬಿಟ್ಟಿದ್ದೆ. ತಾನು ಹಾಡಿದ್ದೇ ಸರಿ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಇಂಥ ಕೆಲಸವನ್ನು ನೆನಪಿನ ಬಲದಿಂದ ಮಾಡಬಾರದು, ಮೂಲವನ್ನು ಅಳೆದು ಮಾಡಬೇಕು ಎಂಬುದು ಆ ಸಂಜೆಯೇ ನನಗೆ ಖಚಿತವಾಯಿತು. ಮುಂದೆ ವಿವರಿಸುವ ವಿಧಾನವೆಲ್ಲ ಆ ಒಂದು ತೀರ್ಮಾನದ ವಿಸ್ತರಣೆ.

ಶಂಕರನಾಗ್ ನಿರ್ದೇಶಿಸಿ, 1980ರ ದಶಕದ ಉತ್ತರಾರ್ಧದಲ್ಲಿ ದೂರದರ್ಶನದಲ್ಲಿ ಪ್ರಸಾರವಾದ ಈ ಧಾರಾವಾಹಿಗೆ ಆರ್.ಕೆ. ನಾರಾಯಣ್ ಅವರ ಕಥೆಗಳು, ಆರ್.ಕೆ. ಲಕ್ಷ್ಮಣ್ ಅವರ ರೇಖೆಗಳು ಮತ್ತು ಎಲ್. ವೈದ್ಯನಾಥನ್ ಅವರ ಸಂಗೀತ ಒಟ್ಟಿಗೆ ಒದಗಿದ್ದವು. ವೈದ್ಯನಾಥನ್ ವಯಲಿನ್ ವಾದಕರ ಮನೆತನದವರು, ಎಲ್. ಸುಬ್ರಮಣ್ಯಂ ಮತ್ತು ಎಲ್. ಶಂಕರ್ ಅವರ ಸಹೋದರರು. ಚಿತ್ರೀಕರಣ ಬಹುಪಾಲು ನಡೆದದ್ದು ಆಗುಂಬೆಯಲ್ಲಿ, ಅಂದರೆ ನಮ್ಮ ಜಿಲ್ಲೆಯ ಶೃಂಗೇರಿಯನ್ನು ದಾಟಿದರೆ ಹತ್ತಿರದಲ್ಲೇ ಸಿಗುವ ಊರಿನಲ್ಲಿ. ಇದು ಮಕ್ಕಳಿಗೆಂದೇ ಮಾಡಿದ ಧಾರಾವಾಹಿಯಲ್ಲದಿದ್ದರೂ, ಮಾಸ್ಟರ್ ಮಂಜುನಾಥ್ ‘ಸ್ವಾಮಿ’ ಎಂಬ ಹುಡುಗನಾಗಿ ಕಾಣಿಸಿಕೊಂಡ ಕಂತುಗಳನ್ನು ನಮ್ಮ ತಲೆಮಾರಿನ ಮಕ್ಕಳು ತಮ್ಮದೆಂದೇ ತಿಳಿದಿದ್ದರು. ಅದರ ಸಂಗೀತವನ್ನು ನಾವು ಕೇಳಿದ್ದಾದರೂ ಹೇಗೆ? ಒಬ್ಬರು ಹಿತ್ತಲಲ್ಲಿ ಬಿದಿರುಗಳುವಿಗೆ ಕಟ್ಟಿದ ಅಂಟೆನಾ ತಿರುಗಿಸುತ್ತ ‘ಈಗ ಬಂತಾ?’ ಎಂದು ಕೂಗುತ್ತಿದ್ದಾಗ, ಮರದ ಪೆಟ್ಟಿಗೆಯ ಟಿವಿಯ ಅಂಗೈಯಗಲದ ಸ್ಪೀಕರಿನ ಮೂಲಕ. ಆ ಸ್ಪೀಕರಿನಲ್ಲಿ ಮಂದ್ರದ ನಾದವೆಂಬುದು ಹೆಚ್ಚುಕಡಿಮೆ ಇರಲೇ ಇಲ್ಲ. ಆದ್ದರಿಂದ ಇಂದು ಒಳ್ಳೆಯ ಹೆಡ್‌ಫೋನಿನಲ್ಲಿ ಅದೇ ತುಣುಕನ್ನು ಕೇಳುವವರಿಗೆ, ಬಾಲ್ಯದಲ್ಲಿ ಕೇಳಿಯೇ ಇರದ ಕೆಲವು ಸದ್ದುಗಳು ಕೇಳಿಸುತ್ತವೆ. ನೆನಪಿನಲ್ಲಿರುವುದು ಸಂಗೀತ ಮತ್ತು ಆ ಟಿವಿ ಎರಡೂ ಕೂಡಿದ ಒಂದು ಮಿಶ್ರಣ ಎಂಬುದನ್ನು ಆರಂಭದಲ್ಲೇ ಒಪ್ಪಿಕೊಂಡರೆ ಮುಂದಿನ ಎಷ್ಟೋ ಜಗಳಗಳು ತಪ್ಪುತ್ತವೆ.

ವಾದ್ಯ ಮುಟ್ಟುವ ಮೊದಲು ಮಾಡಬೇಕಾದ ಕೆಲಸ ಅನುಮತಿಯದು. ‘ಮನೆಯಲ್ಲಿ ಮಾಡುವುದಕ್ಕೆ ಯಾರನ್ನು ಕೇಳಬೇಕು’ ಎಂಬ ಮಾತು ಎಲ್ಲ ಕಡೆಯೂ ಕೇಳಿಬರುವುದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಂಗೀತ ಕೃತಿಯ ಹಕ್ಕು ಸಂಯೋಜಕರ ಜೀವಿತಾವಧಿಯಷ್ಟೂ ಕಾಲ ಮತ್ತು ಅವರು ತೀರಿಕೊಂಡ ವರ್ಷದ ನಂತರದ 60 ವರ್ಷ ಉಳಿಯುತ್ತದೆ. ವೈದ್ಯನಾಥನ್ ಅವರು 2007ರಲ್ಲಿ ನಿಧನರಾದ್ದರಿಂದ ಈ ಮಟ್ಟು 2067ರ ಕೊನೆಯವರೆಗೂ ಯಾರದೋ ಸ್ವತ್ತಾಗಿಯೇ ಇರುತ್ತದೆ. ಮೂಲ ಧ್ವನಿಮುದ್ರಿಕೆಯ ಹಕ್ಕು ಇದಕ್ಕಿಂತ ಪ್ರತ್ಯೇಕವಾದದ್ದು, ಅದರ ಅವಧಿ ಪ್ರಕಟಣೆಯಿಂದ 60 ವರ್ಷ. ನಾವು ಮೂಲದ ಧ್ವನಿಯನ್ನು ಕತ್ತರಿಸಿ ಬಳಸದೆ ಎಲ್ಲವನ್ನೂ ಹೊಸದಾಗಿ ಹಾಡಿ ನುಡಿಸಿದರೆ ಎರಡನೆಯ ಹಕ್ಕಿನ ತಂಟೆ ಇಲ್ಲ, ಮೊದಲನೆಯದು ಮಾತ್ರ ಹಾಗೆಯೇ ಇರುತ್ತದೆ. ಶಾಲೆಯ ಚಟುವಟಿಕೆಯ ಭಾಗವಾಗಿ ವಿದ್ಯಾರ್ಥಿಗಳೂ ಸಿಬ್ಬಂದಿಯೂ ಪೋಷಕರ ಎದುರು ಹಾಡುವುದಕ್ಕೆ ಕಾಯ್ದೆಯ 52ನೆಯ ಕಲಮಿನಲ್ಲಿ ವಿನಾಯಿತಿ ಇದೆ. ಆದರೆ ಆ ವಿನಾಯಿತಿ ಪ್ರದರ್ಶನಕ್ಕೆ ಸಂಬಂಧಿಸಿದ್ದು. ಧ್ವನಿಮುದ್ರಿಕೆಯ ಪ್ರತಿ ಮಾಡಿ ಹಂಚುವುದಕ್ಕೂ ಅಂತರ್ಜಾಲಕ್ಕೆ ಏರಿಸುವುದಕ್ಕೂ ಅದನ್ನು ಎಳೆದು ತರಲಾಗದು. 2012ರ ತಿದ್ದುಪಡಿಯಲ್ಲಿ ಬಂದ 31ಸಿ ಕಲಮು ಹಳೆಯ ಹಾಡುಗಳ ಹೊಸ ಧ್ವನಿಮುದ್ರಿಕೆಗೆ ಒಂದು ದಾರಿ ತೋರಿಸುತ್ತದೆಯಾದರೂ, ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ರಾಯಧನವನ್ನು ಮುಂಗಡವಾಗಿ ಕೇಳುವುದರಿಂದ ಮನೆಯಲ್ಲೇ ಧ್ವನಿಮುದ್ರಿಸುವ ನಮ್ಮಂಥವರಿಗೆ ಅದು ಒಗ್ಗುವಂಥದ್ದಲ್ಲ. ಹಕ್ಕುದಾರರಿಗೆ ನೇರವಾಗಿ ಪತ್ರ ಬರೆದು, ಎಷ್ಟು ಸೆಕೆಂಡಿನ ತುಣುಕು, ಯಾರು ಹಾಡುತ್ತಾರೆ, ಎಲ್ಲಿ ಕೇಳಿಸಲಾಗುತ್ತದೆ, ಹಣ ವಸೂಲಿ ಇದೆಯೇ ಇಲ್ಲವೇ ಎಂಬುದನ್ನು ಸ್ಪಷ್ಟವಾಗಿ ತಿಳಿಸಿ, ಲಿಖಿತ ಒಪ್ಪಿಗೆ ಪಡೆಯುವುದೇ ಸರಿಯಾದ ಮಾರ್ಗ. ದೃಶ್ಯದೊಂದಿಗೆ ಜೋಡಿಸುವ ಯೋಚನೆ ಇದ್ದರೆ ಅದನ್ನೂ ಅದೇ ಪತ್ರದಲ್ಲಿ ಕೇಳಿಬಿಡಿ. ಲಕ್ಷ್ಮಣ್ ಅವರ ಚಿತ್ರಗಳ ಹಕ್ಕು ಬೇರೆಯೇ ಆದ್ದರಿಂದ ಅವನ್ನು ಮುಖಚಿತ್ರಕ್ಕೆ ಅಂಟಿಸುವ ಆಸೆಯನ್ನು ಬಿಡುವುದು ಒಳ್ಳೆಯದು. ಮಳೆಗಾಲದಲ್ಲಿ ಪತ್ರ ಹಾಕಿದರೆ ಚಳಿಗಾಲದ ಹೊತ್ತಿಗೆ ಉತ್ತರ ಬಂದಿರುತ್ತದೆ. ನಡುವಿನ ಕಾಲ ಅಭ್ಯಾಸಕ್ಕೆ.

ಮುಂದಿನದು ಮೂಲವನ್ನು ಅಳೆಯುವ ಕೆಲಸ. ಮನೆಯ ಅಟ್ಟದಲ್ಲಿ ಸಿಗುವ, ಟಿವಿಯ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಹಿಡಿದ ಕ್ಯಾಸೆಟ್‌ಗಳನ್ನು ಪ್ರೀತಿಯಿಂದ ಕೇಳಬಹುದು, ಆದರೆ ಆಧಾರವಾಗಿ ಇಟ್ಟುಕೊಳ್ಳಬಾರದು. ಕ್ಯಾಸೆಟ್ಟಿನ ಪಟ್ಟಿ ಸೆಕೆಂಡಿಗೆ ಸುಮಾರು 4.76 ಸೆಂಟಿಮೀಟರ್ ವೇಗದಲ್ಲಿ ಓಡಬೇಕು. ಬೆಲ್ಟ್ ಸಡಿಲವಾದ ಹಳೆಯ ಯಂತ್ರದಲ್ಲಿ ಅದು ಹಾಗೆ ಓಡುವುದಿಲ್ಲ. ವೇಗ ಶೇಕಡಾ 1ರಷ್ಟು ತಪ್ಪಿದರೆ ಶ್ರುತಿ ಸುಮಾರು 17 ಸೆಂಟ್ ತಪ್ಪುತ್ತದೆ, ಶೇಕಡಾ 6ರಷ್ಟು ತಪ್ಪಿದರೆ ಇಡೀ ಅರ್ಧ ಮನೆಯೇ ಬದಲಾಗುತ್ತದೆ. (ಹಾರ್ಮೋನಿಯಮ್ಮಿನ ಒಂದು ಪಟ್ಟಿಗೂ ಅದರ ಪಕ್ಕದ ಪಟ್ಟಿಗೂ ನಡುವಿನ ಅಂತರವೇ ಅರ್ಧ ಮನೆ; ಅದನ್ನು ನೂರು ಪಾಲು ಮಾಡಿದರೆ ಒಂದು ಪಾಲಿಗೆ ಸೆಂಟ್ ಎನ್ನುತ್ತಾರೆ.) ಅಧಿಕೃತವಾಗಿ ಬಂದ ಡಿವಿಡಿಯನ್ನೋ ಅಧಿಕೃತ ವಾಹಿನಿಯ ಪ್ರತಿಯನ್ನೋ ಆಧಾರವಾಗಿಟ್ಟುಕೊಂಡು, ಒಂದೇ ಕಂತಿಗೆ ತೃಪ್ತಿಪಡದೆ ಎರಡು ಮೂರು ಕಂತುಗಳ ಆರಂಭವನ್ನೂ ಮುಕ್ತಾಯವನ್ನೂ ಕೇಳಿ ಹೋಲಿಸಬೇಕು.

ಶ್ರುತಿ ಹಿಡಿಯಲು ಯಂತ್ರವೇ ಬೇಕೆಂದಿಲ್ಲ. ಮಟ್ಟು ಎಲ್ಲಿ ಬಂದು ವಿಶ್ರಮಿಸುತ್ತದೆಯೋ ಆ ಸ್ವರವನ್ನು ಬಾಯಲ್ಲಿ ಹಿಡಿದು ನಿಲ್ಲಿಸಿ, ಮೂಲವನ್ನು ಬಂದ್ ಮಾಡಿ, ಶ್ರುತಿಪೆಟ್ಟಿಗೆಯ ಗುಂಡಿಯನ್ನು ಅದಕ್ಕೆ ಸೇರುವವರೆಗೆ ತಿರುಗಿಸಿದರೆ ಆಧಾರ ಷಡ್ಜ, ಅಂದರೆ ‘ಸ’, ಸಿಕ್ಕಿಬಿಡುತ್ತದೆ. ಲಯಕ್ಕೆ ಗಡಿಯಾರ ಬೇಕು. ಅಂಗೈಯಲ್ಲಿ 16 ಪೆಟ್ಟು ಹಾಕುತ್ತ, ಮೊದಲ ಪೆಟ್ಟಿನಿಂದ 17ನೆಯ ಪೆಟ್ಟಿನವರೆಗಿನ ಸಮಯವನ್ನು ಅಳೆಯಿರಿ. ಉದಾಹರಣೆಗೆ ಅದು 10 ಸೆಕೆಂಡ್ ಬಂದರೆ ನಿಮಿಷಕ್ಕೆ 96 ಪೆಟ್ಟಿನ ವೇಗ ಎಂದಾಯಿತು. 17ನೆಯ ಪೆಟ್ಟನ್ನು ಮರೆತು 16ಕ್ಕೇ ನಿಲ್ಲಿಸುವವರು ಬಹಳ ಮಂದಿ. ಬೆರಳುಗಳ ನಡುವಿನ ಸಂದು ಎಣಿಸುವ ಬದಲು ಬೆರಳನ್ನೇ ಎಣಿಸಿದಂತೆ ಆಗುತ್ತದೆ. ಒಂದೇ ಬಾರಿ ಅಳೆದು ಬಿಡದೆ ಆರಂಭದಲ್ಲಿ, ನಡುವೆ, ಕೊನೆಯಲ್ಲಿ ಪ್ರತ್ಯೇಕವಾಗಿ ಅಳೆಯಬೇಕು. ಜನ ಎದುರುಬದುರು ಕುಳಿತು ನುಡಿಸಿದ ಹಳೆಯ ಧ್ವನಿಮುದ್ರಿಕೆಗಳಲ್ಲಿ ಲಯ ಕೂದಲೆಳೆಯಷ್ಟು ಓಡುವುದೂ ನಿಲ್ಲುವುದೂ ಉಂಟು, ಮತ್ತು ಕೇಳುವವರಿಗೆ ಹಿತವೆನಿಸುವುದು ಎಷ್ಟೋ ವೇಳೆ ಆ ಕೂದಲೆಳೆಯೇ. ಲಯ ತೋರಿಸುವ ಕಂಪ್ಯೂಟರಿನ ಕ್ಲಿಕ್ ಸದ್ದಿಗೆ ಮಕ್ಕಳನ್ನು ಕಟ್ಟಿಹಾಕಿದರೆ ಆ ಹಿತ ಸತ್ತುಹೋಗುತ್ತದೆ. ಕ್ಲಿಕ್ಕನ್ನು ನಾಲ್ಕು ಪೆಟ್ಟು ಕೇಳಿಸಿ ನಿಲ್ಲಿಸಿಬಿಡುವುದು ನಾನು ಕಂಡುಕೊಂಡ ನಡುದಾರಿ.

ಅಳತೆ ಮುಗಿದ ಮೇಲೆ ಸ್ವರಪ್ರಸ್ತಾರ ಬರೆಯಬೇಕು. ಹಳೆಯ ಕ್ಯಾಲೆಂಡರಿನ ಹಿಂಬದಿ ಇದಕ್ಕೆ ಪ್ರಶಸ್ತವಾದ ಕಾಗದ, ಗೋಡೆಗೆ ತೂಗುಹಾಕಿದರೆ ಎಲ್ಲರಿಗೂ ಕಾಣುತ್ತದೆ. ಸರಿಗಮ ಬರೆದರಷ್ಟೇ ಸಾಲದು. ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಯಾವ ಸ್ವರವನ್ನು ನೇರವಾಗಿ ಹಿಡಿಯುತ್ತಾರೆ, ಯಾವುದಕ್ಕೆ ಕೆಳಗಿನಿಂದ ಜಾರಿ ಬರುತ್ತಾರೆ, ‘ತಾನಾ’ ಎಂಬಲ್ಲಿ ‘ನಾ’ ಎಷ್ಟು ಮಾತ್ರೆ ನಿಲ್ಲುತ್ತದೆ ಎಂಬುದನ್ನೆಲ್ಲ ಗುರುತು ಮಾಡಬೇಕು. ಈ ಮಟ್ಟಿನಲ್ಲಿ ಸಾಹಿತ್ಯವಿಲ್ಲ, ಬರಿಯ ಅಕ್ಷರಗಳ ಗುನುಗು ಇದೆ. ಅರ್ಥವಿರುವ ಹಾಡಿನಲ್ಲಿ ಉಸಿರು ತಪ್ಪಾದರೂ ಪದ ಕೈಹಿಡಿಯುತ್ತದೆ; ಇಲ್ಲಿ ಉಸಿರಿನ ಜಾಗ ತಪ್ಪಿದರೆ ಇಡೀ ಮಟ್ಟೇ ಬೇರೆ ಊರಿನದಾಗುತ್ತದೆ. ನಮ್ಮಲ್ಲಿ ಹಾಡಿದ ಹುಡುಗಿ ಐದನೆಯ ತರಗತಿಯವಳು, ಧಾರಾವಾಹಿಯನ್ನು ನೋಡಿದವಳೇ ಅಲ್ಲ. ಅವಳಿಗೆ ನಾನು ಹಾಡಿ ತೋರಿಸಲಿಲ್ಲ, ಯಾಕೆಂದರೆ ನನ್ನ ತಪ್ಪು ನೆನಪು ಅವಳ ಗಂಟಲಿಗೆ ಇಳಿದುಬಿಡುತ್ತಿತ್ತು. ಮೂಲವನ್ನೇ ದಿನಕ್ಕೆ ಮೂರು ಬಾರಿಯಂತೆ ಒಂದು ವಾರ ಕೇಳಿಸಿದೆ. ಎಂಟನೆಯ ದಿನ ಅವಳು ಹಾಡಿದಾಗ, ನಾವು ನಾಲ್ವರೂ ಜಗಳವಾಡಿದ್ದ ಎರಡನೆಯ ಸಾಲು ಮೂಲದಲ್ಲಿದ್ದಂತೆಯೇ ಬಂದು ಕುಳಿತಿತ್ತು. ಅಣ್ಣ ಮಾತ್ರ ಇಂದಿಗೂ ಒಪ್ಪಿಲ್ಲ.

ಮಕ್ಕಳ ಕಂಠಕ್ಕೆ ಮೂಲದ ಶ್ರುತಿ ಒಗ್ಗದೆ ಇರಬಹುದು. ದೊಡ್ಡವರ ಗಂಡುಧ್ವನಿಗೆ ಒಂದು, ಒಂದೂವರೆ ಮನೆ (ಹಾರ್ಮೋನಿಯಮ್ಮಿನ ಬಿಳಿ ಪಟ್ಟಿಗಳ ಎಣಿಕೆಯಲ್ಲಿ ಹೇಳುವ ಶ್ರುತಿ) ಹಿತವಾದರೆ ಹೆಣ್ಣುಮಕ್ಕಳು ಸಾಮಾನ್ಯವಾಗಿ ಐದು, ಐದೂವರೆಗೆ ಹಾಡುತ್ತಾರೆ. ಮಟ್ಟಿನ ಅತಿ ಕೆಳಗಿನ ಸ್ವರ ಗಾಳಿಯಾಗದೆ ಕೇಳಿಸಬೇಕು, ಅತಿ ಮೇಲಿನದು ಕಿರುಚದೆ ಬರಬೇಕು. ಈ ಎರಡರ ನಡುವೆ ಎಲ್ಲಿ ಕೂತರೂ ಆದೀತು. ಶ್ರುತಿ ಬದಲಿಸಿದರೂ ಲಯವನ್ನು ಬದಲಿಸಬಾರದು. ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ಈ ಎರಡನ್ನೂ ಬೇರೆ ಬೇರೆಯಾಗಿ ಹೊಂದಿಸಲು ಸಾಧ್ಯವಿರುವುದರಿಂದ, ಮೂಲದ ತುಣುಕನ್ನು ಮಗುವಿನ ಶ್ರುತಿಗೆ ಏರಿಸಿ ಅಭ್ಯಾಸಕ್ಕೆ ಕೊಡಬಹುದು.

ಕೋಣೆಯ ಆಯ್ಕೆಗೆ ನಾನು ಉಳಿದೆಲ್ಲದಕ್ಕಿಂತ ಹೆಚ್ಚು ಸಮಯ ಕೊಟ್ಟೆ, ಅದು ದಂಡವಾಗಲಿಲ್ಲ. ಮಲೆನಾಡಿನ ಮನೆಗಳಲ್ಲಿ ಮಳೆಗಾಲದ ಧ್ವನಿಮುದ್ರಣವೆಂಬುದು ಆಗದ ಮಾತು. ಹೆಂಚಿನ ಮೇಲೆ ಬೀಳುವ ಮಳೆಯಾದರೂ ಒಂದು ಮಟ್ಟಿಗೆ ಹಿಂದೆ ಉಳಿಯುತ್ತದೆ, ತಗಡಿನ ಮೇಲೆ ಬೀಳುವುದು ಹಾಡನ್ನೇ ಮುಚ್ಚಿಹಾಕುತ್ತದೆ. ಮಳೆ ನಿಂತರೆ ಜೀರುಂಡೆ. ತೋಟಗಳಲ್ಲಿ ಅರೇಬಿಕಾ ಕಾಫಿಯ ಕೊಯ್ಲು ನಡೆಯುವ ನವೆಂಬರಿನಿಂದ ಜನವರಿಯವರೆಗೆ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಗಳ ಸದ್ದು, ಮಾರ್ಚಿ ಬಂದರೆ ಕಾಫಿ ಹೂವಿಗೆ ನೀರು ಹಾಯಿಸುವ ಪಂಪುಗಳ ಸದ್ದು. ಪೇಟೆಯೊಳಗಿರುವವರಿಗೆ ಕೆ.ಎಂ. ರಸ್ತೆಯ ಲಾರಿಗಳು ಹಗಲಿಡೀ ಇದ್ದೇ ಇರುತ್ತವೆ. ನಾವು ಕಂಡುಕೊಂಡ ಹೊತ್ತು ಜನವರಿಯ ಭಾನುವಾರದ ಬೆಳಿಗ್ಗೆ ಆರರಿಂದ ಎಂಟು: ಮಂಜು ಕವಿದಿರುತ್ತದೆ, ಹಕ್ಕಿಗಳು ಇನ್ನೂ ಪೂರ್ತಿ ಎದ್ದಿರುವುದಿಲ್ಲ, ಯಂತ್ರಗಳು ಶುರುವಾಗಿರುವುದಿಲ್ಲ.

ಕೋಣೆಯ ನಡುವೆ ನಿಂತು ಒಮ್ಮೆ ಗಟ್ಟಿಯಾಗಿ ಚಪ್ಪಾಳೆ ತಟ್ಟಿ. ಚಪ್ಪಾಳೆಯ ಹಿಂದೆ ‘ಟ್ರರ್ರ್’ ಎಂಬ ನಡುಗು ಕೇಳಿಸಿದರೆ ಬೋಳು ಗೋಡೆಗಳು ಎದುರುಬದುರಾಗಿ ಸದ್ದನ್ನು ಎಸೆದಾಡುತ್ತಿವೆ ಎಂದರ್ಥ. ಅಲ್ಲಿ ಧ್ವನಿಮುದ್ರಿಸಿದ ಕಂಠಕ್ಕೆ ಬಚ್ಚಲುಮನೆಯ ಗುಣ ಬರುತ್ತದೆ, ಆಮೇಲೆ ಯಾವ ತಂತ್ರಾಂಶದಿಂದಲೂ ಅದನ್ನು ಪೂರ್ತಿ ತೆಗೆಯಲಾಗದು. ನಾವು ಆರಿಸಿದ್ದು ಒಣಗಿದ ಕಾಫಿಯ ಗೋಣಿಚೀಲಗಳನ್ನು ಎದೆಯೆತ್ತರಕ್ಕೆ ಪೇರಿಸಿದ್ದ ಉಗ್ರಾಣವನ್ನು. ಉಳಿದ ಒಂದು ಗೋಡೆಗೆ ಹತ್ತಿಯ ಹಾಸಿಗೆಯನ್ನು ನಿಲ್ಲಿಸಿ, ನೆಲಕ್ಕೆ ಜಮಖಾನ ಹಾಸಿ, ಬಾಗಿಲಿಗೆ ಕಂಬಳಿ ಇಳಿಬಿಟ್ಟಾಗ ಚಪ್ಪಾಳೆ ತಟ್ಟಿದಲ್ಲೇ ಸತ್ತಿತು. ಚೀಲವಿಲ್ಲದವರಿಗೆ ಬಟ್ಟೆ ತುಂಬಿದ ಕಪಾಟುಗಳ ಮಲಗುವ ಕೋಣೆ ಸಾಕು. ಮೊಟ್ಟೆಯ ಟ್ರೇಗಳನ್ನು ಗೋಡೆಗೆ ಅಂಟಿಸುವುದರಿಂದ ಅಂಥ ಪ್ರಯೋಜನವೇನೂ ಇಲ್ಲ. ಅವು ತೀರ ಹಗುರ.

ವಿದ್ಯುತ್ತಿನ ಗುಂಯ್ ಸದ್ದನ್ನು ಹುಡುಕಿ ನಿಲ್ಲಿಸುವುದು ಮುಂದಿನ ಹೆಜ್ಜೆ. ನಮ್ಮ ಕರೆಂಟಿನ ಆವರ್ತನ 50 ಹರ್ಟ್ಸ್ ಆದ್ದರಿಂದ ಆ ಸದ್ದು 50, 100, 150 ಹೀಗೆ ಮೆಟ್ಟಿಲುಮೆಟ್ಟಿಲಾಗಿ ಧ್ವನಿಯೊಳಗೆ ಸೇರುತ್ತದೆ. ಇನ್ವರ್ಟರ್ ಮೇಲೆ ಓಡುವಾಗ ಅದು ಇನ್ನೂ ಕರ್ಕಶ. ಲ್ಯಾಪ್‌ಟಾಪನ್ನು ಚಾರ್ಜರಿನಿಂದ ಬಿಡಿಸಿ ಬ್ಯಾಟರಿಯಲ್ಲಿ ನಡೆಸುವುದು, ಟ್ಯೂಬ್‌ಲೈಟ್, ಫ್ಯಾನು, ಫ್ರಿಜ್ಜುಗಳನ್ನು ಆರಿಸುವುದು ಕಡ್ಡಾಯ. ನಮ್ಮ ಅತ್ಯುತ್ತಮ ಟೇಕ್ (ಒಂದು ಸಲದ ಮುದ್ರಣ) ಸಿಕ್ಕಿದ್ದು ಕರೆಂಟು ಹೋಗಿದ್ದ ಇಪ್ಪತ್ತು ನಿಮಿಷಗಳಲ್ಲಿ. ಫ್ರಿಜ್ಜನ್ನು ಮತ್ತೆ ಹಾಕಲು ಮರೆತು ಮರುದಿನ ದೋಸೆಹಿಟ್ಟು ವಿಪರೀತ ಹುಳಿ ಬಂದದ್ದು ಬೇರೆ ಕಥೆ. ಸ್ವಿಚ್ಚಿನ ಮೇಲೆ ಚೀಟಿ ಅಂಟಿಸಿಡಿ.

ಮೈಕಿನ ವಿಷಯ ಹೆಚ್ಚು ಹೇಳುವಂಥದ್ದೇನಿಲ್ಲ. ಒಂದು ಸಾಧಾರಣ ಕಂಡೆನ್ಸರ್ ಮೈಕ್, ಅದಕ್ಕೆ 48 ವೋಲ್ಟ್ ಕೊಟ್ಟು ಕಂಪ್ಯೂಟರಿಗೆ ಜೋಡಿಸುವ ಎರಡು ಚಾನೆಲ್ಲಿನ ಇಂಟರ್‌ಫೇಸ್ ಪೆಟ್ಟಿಗೆ, ಹೊರಗೆ ಸದ್ದು ಸೋರದ ಹೆಡ್‌ಫೋನ್ ಇದ್ದರೆ ಸಾಕು. ಮೈಕನ್ನು ಬಾಯಿಂದ ಒಂದು ಗೇಣು ದೂರದಲ್ಲಿ, ಉಸಿರು ನೇರವಾಗಿ ಬಡಿಯದಂತೆ ತುಸು ಓರೆಯಾಗಿ ಇರಿಸಿ, 24 ಬಿಟ್, 48 ಕಿಲೋಹರ್ಟ್ಸ್ ಗುಣಮಟ್ಟದಲ್ಲಿ ಮುದ್ರಿಸಿ. ಅತಿ ಗಟ್ಟಿ ಸ್ವರವೂ ತಂತ್ರಾಂಶದ ಮಾಪಕದಲ್ಲಿ ಮೈನಸ್ 6 ಡೆಸಿಬೆಲ್ ದಾಟದಂತೆ ಮಟ್ಟ ಹೊಂದಿಸಿ. ಪ್ರತಿ ಬೈಠಕ್ಕಿನ ಆರಂಭದಲ್ಲಿ ಯಾರೂ ಅಲುಗಾಡದೆ 30 ಸೆಕೆಂಡ್ ಬರಿಯ ಕೋಣೆಯ ಮೌನವನ್ನು ಮುದ್ರಿಸಿಟ್ಟುಕೊಂಡರೆ, ಮುಂದೆ ಟೇಕುಗಳನ್ನು ಕತ್ತರಿಸಿ ಜೋಡಿಸುವಾಗ ನಡುವಿನ ಸಂದು ತುಂಬಲು ಅದೇ ಬೇಕಾಗುತ್ತದೆ.

ಚಳಿಯ ಬೆಳಿಗ್ಗೆ ವಾದ್ಯಗಳು ತಮ್ಮದೇ ಹಟ ಹಿಡಿಯುತ್ತವೆ. ಕೊಳಲಿನೊಳಗಿನ ಗಾಳಿಯ ಉಷ್ಣಾಂಶ ಒಂದು ಡಿಗ್ರಿ ಏರಿದರೆ ಸ್ವರ ಸುಮಾರು 3 ಸೆಂಟ್ ಏರುತ್ತದೆ. ತಣ್ಣಗಿನ ಕೊಳಲು ಮೊದಲ ಹತ್ತು ನಿಮಿಷ ಇಳಿಶ್ರುತಿಯಲ್ಲಿ ನುಡಿದು, ಉಸಿರಿಗೆ ಬೆಚ್ಚಗಾದಂತೆ ಮೇಲೇರುವುದಕ್ಕೆ ಇದೇ ಕಾರಣ. ನಮ್ಮ ಕೊಳಲಿನ ಹುಡುಗ ಅದನ್ನು ಸ್ವೆಟರಿನೊಳಗೆ ಕಂಕುಳಲ್ಲಿ ಇಟ್ಟುಕೊಂಡೇ ಬರುತ್ತಿದ್ದ. ಮೃದಂಗದ ಚರ್ಮ ಮಂಜಿನ ತೇವ ಹೀರಿ ಸಡಿಲವಾಗುವುದರಿಂದ ಅದನ್ನು ಹಿಂದಿನ ರಾತ್ರಿಯೇ ಒಲೆಯಿರುವ ಅಡುಗೆಮನೆಯಲ್ಲಿ, ಒಲೆಗೆ ತೀರ ಹತ್ತಿರವಲ್ಲದಂತೆ ಇರಿಸಬೇಕು. ಮೊದಲು ತಾಳವಾದ್ಯ ಮತ್ತು ಒಂದು ಮಾರ್ಗದರ್ಶಿ ಕಂಠ, ಆಮೇಲೆ ಕೊಳಲು, ಕೊನೆಗೆ ನಿಜವಾದ ಹಾಡುಗಾರಿಕೆ ಎಂಬ ಕ್ರಮದಲ್ಲಿ ಮುದ್ರಿಸಿದರೆ ಮಗು ಹಾಡುವಾಗ ಅದಕ್ಕೆ ಒರಗಲು ಏನಾದರೂ ಇರುತ್ತದೆ. ಒಂದು ಮಗುವಿನಿಂದ ಒಂದು ಬೈಠಕ್ಕಿನಲ್ಲಿ ಆರು ಟೇಕುಗಳಿಗಿಂತ ಹೆಚ್ಚು ಕೇಳಬಾರದು. ಏಳನೆಯದರಿಂದ ಅದು ಹಾಡುವುದನ್ನು ಬಿಟ್ಟು ಒಪ್ಪಿಸಲು ಶುರುಮಾಡುತ್ತದೆ.

ಇನ್ನು ಅಲಂಕಾರದ ಆಸೆ. ನನ್ನ ಮೊದಲ ಮಿಶ್ರಣದಲ್ಲಿ ನಾನು ಕೀಬೋರ್ಡಿನಿಂದ ವಯಲಿನ್ ಗುಂಪಿನ ಹಾಸು ಹಾಸಿದ್ದೆ, ಕೊನೆಯ ಸಾಲಿಗೆ ಅರ್ಧ ಮನೆ ಏರಿಸಿದ್ದೆ, ಕಂಠಕ್ಕೆ ದೇವಸ್ಥಾನದ ಪ್ರಾಕಾರದಷ್ಟು ಪ್ರತಿಧ್ವನಿ ಸುರಿದಿದ್ದೆ. ಅತ್ತಿಗೆ ಪೂರ್ತಿ ಕೇಳಿ, ಲೋಟ ಕೆಳಗಿಟ್ಟು, ‘ಮದುವೆ ವಿಡಿಯೋ ಥರ ಆಗಿದೆ ಕಣಪ್ಪ’ ಎಂದರು. ಅವರ ಮಾತು ನಿಜವಾಗಿತ್ತು. ಮೂಲದ ಪಕ್ಕದಲ್ಲಿಟ್ಟು ಕೇಳಿದಾಗ, ಅಲ್ಲಿ ಒಂದು ಸದ್ದು ಮುಗಿದು ಇನ್ನೊಂದು ಶುರುವಾಗುವ ನಡುವೆ ಇದ್ದ ಖಾಲಿ ಜಾಗಗಳನ್ನೆಲ್ಲ ನಾನು ತುಂಬಿಬಿಟ್ಟಿದ್ದೆ ಎಂಬುದು ಗೊತ್ತಾಯಿತು. ಆಗ ಒಂದು ಕಟ್ಟುಪಾಡು ಮಾಡಿಕೊಂಡೆ: ಮೂಲದಲ್ಲಿ ಒಂದು ಕ್ಷಣಕ್ಕೆ ಎಷ್ಟು ಸದ್ದುಗಳು ಒಟ್ಟಿಗೆ ಕೇಳುತ್ತವೆಯೋ ಅದಕ್ಕಿಂತ ಹೆಚ್ಚು ನಮ್ಮದರಲ್ಲಿ ಇರಬಾರದು. ವಾದ್ಯ ಬೇರೆಯಾಗಲಿ, ಕಂಠ ಬೇರೆಯಾಗಲಿ, ಎಣಿಕೆ ಮಾತ್ರ ಮೀರಬಾರದು. ಹಾಗೆ ಕಿತ್ತುಹಾಕುತ್ತ ಹೋದಂತೆ ಕೊನೆಗೆ ಉಳಿದದ್ದು ಒಂದು ಕಂಠ, ಒಂದು ಕೊಳಲು, ಮೃದಂಗ, ಮತ್ತು ಒಂದು ಸಾಲಿನಲ್ಲಿ ಮಾತ್ರ ಉಳಿದ ಮಕ್ಕಳ ದನಿಗೂಡಿಕೆ.

ಮಿಶ್ರಣ ಮಾಡುವಾಗ ಮೂಲದ ತುಣುಕನ್ನು ಪಕ್ಕದ ಟ್ರ್ಯಾಕಿನಲ್ಲಿ ಸದಾ ಇಟ್ಟುಕೊಂಡು, ಎರಡನ್ನೂ ಒಂದೇ ಗಟ್ಟಿತನಕ್ಕೆ ಹೊಂದಿಸಿ ಹೋಲಿಸಬೇಕು. ಗಟ್ಟಿಯಾಗಿ ಕೇಳಿಸುವುದೆಲ್ಲ ಕಿವಿಗೆ ಚೆನ್ನಾಗಿ ಕೇಳಿಸುವುದರಿಂದ ಗಟ್ಟಿತನ ಹೊಂದಿಸದ ಹೋಲಿಕೆ ಮೋಸದ್ದು. ಹೋಲಿಸಲು ಇಟ್ಟ ಆ ಟ್ರ್ಯಾಕು ಅಂತಿಮ ಪ್ರತಿಯೊಳಗೆ ಸೇರದಂತೆ ಮರೆಯದೆ ಅಳಿಸಿಬಿಡಿ. ಕಂಠದ ಟ್ರ್ಯಾಕಿನಲ್ಲಿ 100 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿದರೆ ನೆಲದ ಗುದ್ದು, ದೂರದ ಲಾರಿಯ ಗೊಣಗು ಎರಡೂ ಹೋಗುತ್ತವೆ. ಜಾಲತಾಣಗಳು ಸಾಮಾನ್ಯವಾಗಿ ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಗಟ್ಟಿತನದ ಮಾನ) ಆಸುಪಾಸಿನ ಗಟ್ಟಿತನಕ್ಕೆ ಎಲ್ಲವನ್ನೂ ತಗ್ಗಿಸುವುದರಿಂದ, ಅದಕ್ಕಿಂತ ಗಟ್ಟಿಯಾಗಿ ಹಿಂಡಿ ಕಳಿಸುವುದರಲ್ಲಿ ಲಾಭವಿಲ್ಲ. ಶಾಲೆಯ ಮೈದಾನದ ಹಾರ್ನ್ ಸ್ಪೀಕರಿಗೆ ಬೇರೆ ಪ್ರತಿ ಮಾಡುವುದು ಒಳ್ಳೆಯದು. ಅಲ್ಲಿ ಪ್ರತಿಧ್ವನಿ ಮೈದಾನವೇ ಕೊಡುತ್ತದೆ, ನಾವು ಸೇರಿಸಿದ್ದನ್ನೆಲ್ಲ ತೆಗೆದು ಒಣದಾಗಿ ಕಳಿಸಬೇಕು.

ಕೊನೆಯ ಪರೀಕ್ಷೆಯನ್ನು ಚಿಕ್ಕ ಸ್ಪೀಕರಿನಲ್ಲಿ ಮಾಡಿ. ಮೊಬೈಲನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಪಕ್ಕದ ಕೋಣೆಗೆ ಹೋಗಿ ನಿಂತು ಕೇಳಿದಾಗ ಮಟ್ಟು ಎಲ್ಲೂ ಕಳೆದುಹೋಗದಿದ್ದರೆ ಮಿಶ್ರಣ ಸರಿಯಾಗಿದೆ. ಹಳೆಯ ಟಿವಿಯಲ್ಲಿ ನಾವು ಅದನ್ನು ಕೇಳಿದ್ದೂ ಹೆಚ್ಚುಕಡಿಮೆ ಹಾಗೆಯೇ. ಪ್ರತಿ ಟ್ರ್ಯಾಕನ್ನೂ ಬಿಡಿಬಿಡಿಯಾಗಿ ಉಳಿಸಿ, ಕಡತದ ಹೆಸರಿನಲ್ಲೇ ದಿನಾಂಕ, ಶ್ರುತಿ, ವೇಗ ಬರೆದಿಡಿ. ಮೂಲ ಸಂಯೋಜಕರ ಹೆಸರನ್ನೂ ಇದು ಹೊಸ ಧ್ವನಿಮುದ್ರಿಕೆ ಎಂಬುದನ್ನೂ ಪ್ರತಿಯೊಂದಿಗೆ ನಮೂದಿಸಿ. ಕೊನೆಯ ಸ್ವರ ಪೂರ್ತಿ ಆರುವವರೆಗೆ ಕತ್ತರಿಸಬೇಡಿ, ಕನಿಷ್ಠ ಎರಡು ಸೆಕೆಂಡ್ ಬಿಡಿ. ನಮ್ಮ ಟೇಕಿನಲ್ಲಿ ಆ ಎರಡು ಸೆಕೆಂಡು ಮುಗಿಯುವ ಮೊದಲೇ ಹುಡುಗಿ ‘ಮುಗೀತಾ ಅಂಕಲ್?’ ಎಂದು ಪಿಸುಗುಟ್ಟಿದ್ದಳು. ಶಾಲೆಗೆ ಕೊಟ್ಟ ಪ್ರತಿಯಲ್ಲಿ ಅದರ ಜಾಗಕ್ಕೆ ಉಗ್ರಾಣದ ಮೌನವನ್ನು ಅಂಟಿಸಬೇಕಾಯಿತು.